ಮಂಗೋಲರ ಪಾಠ ನಮಗ್ಯಾಕ ಬೇಕು?

 

ಈ ಸಲದ ಗೋಡೆ ಪತ್ರಿಕೆಗೆ ಎಲ್ಲರೂ ಕವನ, ಚುಟುಕು, ಒಗಟು, ನಗೆಹನಿ ಕೊಟ್ಟಿದ್ದಾರೆ. ನಾನು ಒಂದು ಅಭಿಪ್ರಾಯ ಬರೆದಿದ್ದೇನೆ. ಎರಡು ಹಾಳೆಗೆ ಜಾಗ ಕೇಳಿದ್ದೆ, ಬರೆಯುತ್ತ ಬರೆಯುತ್ತ ಹಾಳೆ ಹೆಚ್ಚಾದವು. ಬಿಡುವಿನ ಗಂಟೆ ಹೊಡೆಯುವುದರೊಳಗೆ ಮುಗಿಯದಿದ್ದರೆ ಉಳಿದದ್ದನ್ನು ನಾಳೆ ಬಂದು ಓದಿರಿ. ಹಾಳೆ ಎಲ್ಲಿಗೂ ಓಡಿ ಹೋಗುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಎಂಟನೆಯ ಹಾಗೂ ಒಂಬತ್ತನೆಯ ವರ್ಗದಲ್ಲಿಯೇ ನಮಗೆ ಮಂಗೋಲರ ಇತಿಹಾಸವನ್ನು, ಅವರ ನಡೆನುಡಿಯನ್ನು, ಅವರು ಇವತ್ತು ಹೇಗೆ ಬದುಕಿದ್ದಾರೆ ಎಂಬುದನ್ನು ನೆಟ್ಟಗೆ ಕಲಿಸಬೇಕು. ಒಂದು ಸಾಲಿನಲ್ಲಿ ಮುಗಿಸಬಾರದು.

ಈಗ ನಮಗೆ ಮಂಗೋಲರು ಹೇಗೆ ಗೊತ್ತು? ದಿಲ್ಲಿ ಸುಲ್ತಾನರ ಪಾಠದಲ್ಲಿ ಅವರು ಮಿಡತೆ ಹಿಂಡಿನಂತೆ ಬರುತ್ತಾರೆ, ದಾಳಿ ಮಾಡುತ್ತಾರೆ, ಹೋಗುತ್ತಾರೆ. ಎಲ್ಲಿಂದ ಬಂದರು, ಯಾಕೆ ಬಂದರು, ತಿರುಗಿ ಹೋಗಿ ಏನು ಮಾಡಿದರು, ಈಗ ಎಲ್ಲಿದ್ದಾರೆ, ಒಂದೂ ಗೊತ್ತಾಗುವುದಿಲ್ಲ. ಹೆಸರು ಕೇಳಿದರೆ 'ಮಂಗ' ಅಂತ ನೆನಪಾಗಿ ವರ್ಗದಲ್ಲಿ ಒಂದಿಷ್ಟು ಜನ ನಗುತ್ತಾರೆ. ಪರೀಕ್ಷೆಯಲ್ಲಿ 'ಮಂಗೋಲರ ದಾಳಿ ತಡೆದ ಸುಲ್ತಾನ ಯಾರು?' ಎಂದು ಕೇಳಿದರೆ ಅಲ್ಲಾಉದ್ದೀನ ಖಿಲ್ಜಿ ಎಂದು ಬರೆದು ಒಂದು ಮಾರ್ಕು ತೆಗೆದುಕೊಳ್ಳುತ್ತೇವೆ. ಅಲ್ಲಿಗೆ ಮುಗೀತು.

ಇದರಿಂದ ನನಗೇನು ತ್ರಾಸು ಎಂದು ನೀವು ಕೇಳಬಹುದು. ಹೇಳುತ್ತೇನೆ. ನಮ್ಮದು ಕುರಿ ಕಾಯುವ ಮನೆತನ. ನಮ್ಮ ಕಾಕಾ ಈಗಲೂ ವರ್ಷದಲ್ಲಿ ಏಳೆಂಟು ತಿಂಗಳು ಕುರಿ ಹೊಡೆದುಕೊಂಡು ಊರೂರು ತಿರುಗುತ್ತಾರೆ. ಕೃಷ್ಣಾ ದಂಡೆ, ಘಟಪ್ರಭಾ ದಂಡೆಯ ಹೊಲಗಳಲ್ಲಿ ರಾತ್ರಿ ಕುರಿ ತರುಬುತ್ತಾರೆ. ಹಿಕ್ಕಿ ಗೊಬ್ಬರದ ಸಲುವಾಗಿ ರೈತರು ಕಾಳು ಇಲ್ಲವೆ ರೊಕ್ಕ ಕೊಡುತ್ತಾರೆ. ಹಿಂದಿನ ವರ್ಷ ಸಮಾಜ ವಿಜ್ಞಾನದ ತಾಸಿನಲ್ಲಿ 'ಅಲೆಮಾರಿ' ಎಂಬ ಶಬ್ದ ಬಂದಾಗ ಹಿಂದಿನ ಬೆಂಚಿನಿಂದ ಯಾರೋ, "ಏ, ನಿಮ್ಮ ಮಂದಿ ಬಂದ್ರಲೇ!" ಅಂದರು. ಇಡೀ ವರ್ಗ ನಕ್ಕಿತು. ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ವಿಚಾರ ತಲೆಯಲ್ಲಿ ಕುಂತಿತು. ಪುಸ್ತಕದಲ್ಲಿ ಒಂದೇ ಕಡೆ ಮನೆ ಕಟ್ಟಿಕೊಂಡು ಇದ್ದವರಿಗೆ ಅರಮನೆ, ಗುಡಿ, ಶಾಸನ, ಸಾಹಿತ್ಯ ಎಲ್ಲ ಇದೆ. ತಿರುಗಾಡುವವರಿಗೆ 'ದಾಳಿ' ಎಂಬ ಒಂದೇ ಶಬ್ದ. ಹಾಗಾದರೆ ಹಿಂಡು ಹೊಡೆದುಕೊಂಡು ತಿರುಗುವವರಿಗೆ ಇತಿಹಾಸವೇ ಇಲ್ಲವೇ? ಇದಕ್ಕೆ ಜಗತ್ತಿನಲ್ಲಿಯೇ ದೊಡ್ಡ ಉತ್ತರ ಮಂಗೋಲರು. ಆದ್ದರಿಂದ ಅವರ ಪಾಠ ಬೇಕು ಅನ್ನುತ್ತೇನೆ.

ಅವರು ಯಾರು?

ನಕಾಶೆ ತೆಗೆಯಿರಿ. ರಷ್ಯಾದ ಕೆಳಗೆ, ಚೀನಾದ ಮೇಲೆ ಒಂದು ದೇಶ ಕಾಣುತ್ತದೆ. ಅದೇ ಮಂಗೋಲಿಯಾ. ಸಮುದ್ರ ಇಲ್ಲ. ದಕ್ಷಿಣಕ್ಕೆ ಗೋಬಿ ಮರುಭೂಮಿ, ನಡುವೆ ಕಣ್ಣು ಹರಿಯುವಷ್ಟು ದೂರ ಹುಲ್ಲುಗಾವಲು. ಚಳಿಗಾಲದಲ್ಲಿ ಸೊನ್ನೆಗಿಂತ 30-40 ಡಿಗ್ರಿ ಕೆಳಗೆ ಹೋಗುತ್ತದೆ. ಅಂಥ ನೆಲದಲ್ಲಿ ಬಿತ್ತಿ ಬೆಳೆಯುವುದು ಕಷ್ಟ. ಅದಕ್ಕೇ ಅವರು ಕುದುರೆ, ಒಂಟೆ, ದನ, ಕುರಿ, ಆಡು, ಈ ಐದು ಜಾತಿಯ ಪ್ರಾಣಿ ಸಾಕಿ ಬದುಕಿದರು. ಹುಲ್ಲು ಇದ್ದಲ್ಲಿಗೆ ಹೋಗುವುದು, ಹುಲ್ಲು ತೀರಿದರೆ ಮುಂದೆ ಹೋಗುವುದು. ಇದು ಗೊತ್ತುಗುರಿ ಇಲ್ಲದ ಅಲೆದಾಟ ಅಲ್ಲ. ಯಾವ ಕಾಲಕ್ಕೆ ಎಲ್ಲಿ ಮೇವು, ಎಲ್ಲಿ ನೀರು ಎಂದು ಲೆಕ್ಕ ಹಾಕಿ ಹೋಗುವುದು. ನಮ್ಮ ಮುತ್ಯಾನನ್ನು ಕೇಳಿದರೆ ಯಾವ ಊರಿನ ಯಾವ ಹೊಲ ಯಾವ ತಿಂಗಳು ಖಾಲಿ ಆಗುತ್ತದೆ ಎಂದು ಬಾಯಿಂದಲೇ ಹೇಳುತ್ತಾರೆ. ಅದೂ ಒಂದು ವಿದ್ಯೆಯೇ.

ಅವರ ಮನೆಗೆ 'ಗೆರ್' ಎನ್ನುತ್ತಾರೆ. ಕಟ್ಟಿಗೆಯ ಜಾಳಿಗೆ ಗುಂಡಗೆ ನಿಲ್ಲಿಸಿ, ಮೇಲೆ ಕುರಿ ಉಣ್ಣೆಯ ದಪ್ಪ ಹೊದಿಕೆ ಹೊದಿಸುತ್ತಾರೆ. ಆ ಹೊದಿಕೆಯನ್ನು ನಮ್ಮ ಕಂಬಳಿಯಂತೆ ನೂತು ನೇಯುವುದಿಲ್ಲ. ಉಣ್ಣೆ ಹಾಸಿ, ನೀರು ಚಿಮುಕಿಸಿ, ಸುತ್ತಿ, ಉರುಳಿಸಿ ಉರುಳಿಸಿ ಗಟ್ಟಿ ಮಾಡುತ್ತಾರೆ. ಒಂದೆರಡು ತಾಸಿನಲ್ಲಿ ಮನೆ ಬಿಚ್ಚಿ ಒಂಟೆ ಮೇಲೆ ಹೇರಬಹುದು. ಕುದುರೆಯ ಹಾಲನ್ನು ಹುಳಿ ಬರಿಸಿ ಕುಡಿಯುತ್ತಾರೆ. ಕುದುರೆ ತಲೆ ಕೆತ್ತಿದ ಎರಡು ತಂತಿಯ ವಾದ್ಯ ಬಾರಿಸಿ ಉದ್ದ ರಾಗದ ಹಾಡು ಹಾಡುತ್ತಾರೆ. ನಮ್ಮಲ್ಲಿ ಡೊಳ್ಳಿನ ಹಾಡು ಇದ್ದ ಹಾಗೆ ಅವರಿಗೂ ಕಥೆ ಹೇಳುವ ಹಾಡುಗಳು ಇವೆ.

ಸುಮಾರು 1162ರಲ್ಲಿ ತೆಮುಜಿನ್ ಎಂಬ ಹುಡುಗ ಹುಟ್ಟಿದ. ಅವನಿಗೆ ಒಂಬತ್ತು ವರ್ಷ ಆಗಿದ್ದಾಗ ವೈರಿ ಬುಡಕಟ್ಟಿನವರು ತಂದೆಗೆ ವಿಷ ಹಾಕಿದರು. ಬಳಗದವರು, ತಂದೆ ಇಲ್ಲದ ಮಕ್ಕಳನ್ನು ಯಾರು ಸಾಕಬೇಕು ಎಂದು ಆ ಕುಟುಂಬವನ್ನು ಬಿಟ್ಟು ನಡೆದರು. ತಾಯಿ ಹೋಎಲುನ್ ಕಾಡಿನ ಹಣ್ಣು, ಗಡ್ಡೆ ಗೆಣಸು ಆರಿಸಿ ಮಕ್ಕಳನ್ನು ಬದುಕಿಸಿದಳು. ಇದೇ ಹುಡುಗ ಬೆಳೆದು, ಒಬ್ಬರಿಗೊಬ್ಬರು ಬಡಿದಾಡುತ್ತಿದ್ದ ಬುಡಕಟ್ಟುಗಳನ್ನೆಲ್ಲ ಒಂದು ಮಾಡಿದ. 1206ರಲ್ಲಿ ಓನೊನ್ ಹೊಳೆಯ ಹತ್ತಿರ ದೊಡ್ಡ ಸಭೆ ಸೇರಿ ಅವನಿಗೆ ಚೆಂಗೀಸ್ ಖಾನ್ ಎಂಬ ಬಿರುದು ಕೊಟ್ಟರು. ಅವನು ಸೈನ್ಯವನ್ನು ಹತ್ತು, ನೂರು, ಸಾವಿರ, ಹತ್ತು ಸಾವಿರ ಎಂದು ಲೆಕ್ಕದ ಪ್ರಕಾರ ಕಟ್ಟಿದ. ಯಾರ ಮಗ ಎಂಬುದಕ್ಕಿಂತ ಯಾರು ಕೆಲಸಕ್ಕೆ ಬರುತ್ತಾರೆ ಎಂದು ನೋಡಿ ಮುಖಂಡರನ್ನು ಮಾಡಿದ. ಬರವಣಿಗೆ ಇಲ್ಲದ ಜನಕ್ಕೆ ಉಯ್ಗುರರ ಲಿಪಿಯಿಂದ ಲಿಪಿ ಮಾಡಿಸಿದ. ಆ ಲಿಪಿಯನ್ನು ಮೇಲಿನಿಂದ ಕೆಳಗೆ ಬರೆಯುತ್ತಾರೆ. ಅವನು ಸತ್ತದ್ದು 1227ರಲ್ಲಿ.

ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಆ ರಾಜ್ಯ ಕೊರಿಯಾದ ಕಡೆಯಿಂದ ಯುರೋಪಿನ ಬಾಗಿಲ ತನಕ ಹಬ್ಬಿತು. ನೆಲ ಒಂದಕ್ಕೊಂದು ಕೂಡಿಕೊಂಡಿದ್ದ ಸಾಮ್ರಾಜ್ಯಗಳಲ್ಲಿ ಅಷ್ಟು ದೊಡ್ಡದು ಇನ್ನೊಂದಿಲ್ಲ. ದಾರಿಯುದ್ದಕ್ಕೂ ಕುದುರೆ ಬದಲಿಸುವ ಠಾಣೆ ಇಟ್ಟು ಅಂಚೆ ನಡೆಸಿದರು. ಕುಬ್ಲೈ ಖಾನ್ 1271ರಲ್ಲಿ ಚೀನಾದಲ್ಲಿ ಯುವಾನ್ ಮನೆತನ ಸ್ಥಾಪಿಸಿದ. ಅದು 1368ರ ತನಕ ನಡೆಯಿತು. ಅಲ್ಲಿ ಕಾಗದದ ನೋಟು ಚಲಾವಣೆಯಲ್ಲಿತ್ತು. 1254ರಲ್ಲಿ ಮೋಂಗ್ಕೆ ಖಾನ್ ತನ್ನ ರಾಜಧಾನಿ ಕಾರಾಕೋರಮ್‌ನಲ್ಲಿ ಕ್ರೈಸ್ತರು, ಮುಸಲ್ಮಾನರು, ಬೌದ್ಧರು ಮೂವರನ್ನೂ ಕೂಡ್ರಿಸಿ ಧರ್ಮದ ಚರ್ಚೆ ಮಾಡಿಸಿದ. ಓಗೊದೈ ಖಾನ್ 1241ರಲ್ಲಿ ಸತ್ತ ಮೇಲೆ ಅವನ ಹೆಂಡತಿ ತೊರೆಗೆನೆ ಐದು ವರ್ಷ ರಾಜ್ಯ ನಡೆಸಿದಳು. ಗೆಳತಿಯರೇ, ಇದನ್ನು ನೀವು ಮುಖ್ಯವಾಗಿ ನೋಡಬೇಕು.

ಒಳ್ಳೆಯದನ್ನೇ ಹೇಳಿ ಬಿಡಬೇಕೇ?

ಇಲ್ಲ. ಅವರು ಮಾಡಿದ ಘಾತವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. 1219ರಿಂದ 1221ರ ವರೆಗಿನ ದಂಡಯಾತ್ರೆಯಲ್ಲಿ ಮರ್ವ್, ನಿಶಾಪುರದಂಥ ತುಂಬಿದ ಪಟ್ಟಣಗಳು ಮಸಣವಾದವು. 1258ರಲ್ಲಿ ಹುಲೆಗು ಬಾಗ್ದಾದ್ ಪಟ್ಟಣ ಹಾಳು ಮಾಡಿ ಖಲೀಫನನ್ನು ಕೊಲ್ಲಿಸಿದ. ಲಕ್ಷಗಟ್ಟಲೆ ಜನ ಸತ್ತರು. ಇದನ್ನು ಮುಚ್ಚಿಟ್ಟು 'ಮಹಾ ವೀರರು' ಎಂದು ಹೊಗಳಿದರೆ ಅದೂ ಸುಳ್ಳು ಪಾಠವೇ ಆಗುತ್ತದೆ.

ರಬಕವಿ-ಬನಹಟ್ಟಿಯ ಕಡೆಯಿಂದ ಬರುವ ನಮ್ಮ ಗೆಳೆಯರಿಗೆ ಒಂದು ಸಂಗತಿ ಹೇಳುತ್ತೇನೆ. ಮಂಗೋಲರು ಊರು ಗೆದ್ದಾಗ ಸಾಮಾನ್ಯವಾಗಿ ಕಸಬುದಾರರನ್ನು ಕೊಲ್ಲುತ್ತಿರಲಿಲ್ಲ. ನೇಕಾರರು, ಅಕ್ಕಸಾಲಿಗರು, ಕಮ್ಮಾರರು ಇವರನ್ನು ಬೇರೆ ನಿಲ್ಲಿಸಿ ದೂರ ದೇಶಕ್ಕೆ ಸಾಗಿಸುತ್ತಿದ್ದರು. ಹೆರಾತ್ ಪಟ್ಟಣದ ನೇಕಾರರನ್ನು ಹಾಗೆ ಒಯ್ದು ತಮಗಾಗಿ ಜರಿ ಬಟ್ಟೆ ನೇಯಿಸಿದರು. ಬಂಗಾರದ ಎಳೆಯ ಆ ಬಟ್ಟೆಯ ಹೆಸರು ಯುರೋಪಿನ ತನಕ ಹೋಯಿತು. ಈಗ ಹೇಳಿರಿ, ಇದು ಕಸಬಿಗೆ ಕೊಟ್ಟ ಮರ್ಯಾದೆಯೋ, ಕಸಬುದಾರನಿಗೆ ಮಾಡಿದ ಅನ್ಯಾಯವೋ? ಮಗ್ಗದ ಸಪ್ಪಳದೊಳಗೆ ಬೆಳೆದ ನೀವು ಇದಕ್ಕೆ ಉತ್ತರ ಹೇಳುವಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ನನ್ನ ಪ್ರಕಾರ ಎರಡೂ ಹೌದು. ಇಂಥ ಪ್ರಶ್ನೆ ಕೇಳುವುದಕ್ಕೇ ಇತಿಹಾಸ ಇರುವುದು; ಇಸವಿ ಬಾಯಿಪಾಠ ಮಾಡುವುದಕ್ಕಷ್ಟೇ ಅಲ್ಲ.

ದಿಲ್ಲಿಗೂ ನಮಗೂ ಏನು ಸಂಬಂಧ?

1221ರಲ್ಲಿ ಚೆಂಗೀಸ್ ಖಾನ್ ಖ್ವಾರಜಮ್ ದೇಶದ ರಾಜಕುಮಾರ ಜಲಾಲುದ್ದೀನನನ್ನು ಬೆನ್ನಟ್ಟಿ ಸಿಂಧೂ ನದಿಯ ದಂಡೆಗೆ ಬಂದ. ಜಲಾಲುದ್ದೀನ ಕುದುರೆ ಸಮೇತ ಹೊಳೆಗೆ ಹಾರಿ ಈಚೆಗೆ ದಾಟಿ ದಿಲ್ಲಿಯಲ್ಲಿ ಆಶ್ರಯ ಕೇಳಿದ. ಇಲ್ತಮಶ್ ಜಾಣತನದಿಂದ ಕೊಡಲಿಲ್ಲ. ಚೆಂಗೀಸ್ ಖಾನ್ ತಿರುಗಿ ಹೋದ. ಮುಂದೆ ಅಲ್ಲಾಉದ್ದೀನ ಖಿಲ್ಜಿಯ ಕಾಲದಲ್ಲಿ (1296-1316) ಮಂಗೋಲರು ಮೇಲಿಂದ ಮೇಲೆ ಬಂದರು. 1299ರಲ್ಲಿ ದಿಲ್ಲಿಯ ಹತ್ತಿರ ಕೀಲಿಯಲ್ಲಿ ಯುದ್ಧ ಆಯಿತು. 1303ರಲ್ಲಿ ದಿಲ್ಲಿಯನ್ನೇ ಮುತ್ತಿದರು. ಅದಾದ ಮೇಲೆ ಸುಲ್ತಾನ ದೊಡ್ಡ ಸೈನ್ಯ ಇಟ್ಟ. ಸೈನಿಕನ ಪಗಾರದಲ್ಲಿ ಸಂಸಾರ ನಡೆಯಬೇಕಲ್ಲ? ಅದಕ್ಕಾಗಿ ಪೇಟೆಯಲ್ಲಿ ಕಾಳು, ಬಟ್ಟೆ, ಕುದುರೆ ಎಲ್ಲದಕ್ಕೂ ದರ ಗೊತ್ತು ಮಾಡಿದ. ನಾವು 'ಅಲ್ಲಾಉದ್ದೀನನ ಮಾರುಕಟ್ಟೆ ಸುಧಾರಣೆಗಳು' ಎಂದು ಐದು ಅಂಕದ ಉತ್ತರ ಬರೆಯುತ್ತೇವಲ್ಲ, ಅದರ ಬೇರು ಇಲ್ಲಿದೆ.

ಅಷ್ಟೇ ಅಲ್ಲ. ಅಷ್ಟು ದೊಡ್ಡ ಸೈನ್ಯ ಸಾಕಲು ಸಂಪತ್ತು ಬೇಕು. ದಕ್ಷಿಣದ ಮೇಲೆ ದಂಡು ಬರಲು ಇದೂ ಒಂದು ಕಾರಣ. ನಮ್ಮ ಈ ಭಾಗವನ್ನು ಆಗ ಆಳುತ್ತಿದ್ದ ದೇವಗಿರಿಯ ಸೇವುಣರು ಸೋತರು. 1311ರಲ್ಲಿ ಮಲಿಕ್ ಕಾಫುರ್ ಹೊಯ್ಸಳರ ದ್ವಾರಸಮುದ್ರದ ತನಕ ಬಂದ. ಎಲ್ಲಿಯೋ ಗೋಬಿಯ ಆಚೆ ಎದ್ದ ಧೂಳು, ಹಳೇಬೀಡಿನ ಬಾಗಿಲಿಗೆ ಬಂದು ಬಿತ್ತು. ಇತಿಹಾಸ ಅಂದರೆ ಹೀಗೆ, ಒಂದು ಎಳೆ ಜಗ್ಗಿದರೆ ಎಲ್ಲಿಯದೋ ಗಂಟು ಅಲುಗಾಡುತ್ತದೆ. ನಮ್ಮ ಪಕ್ಕದ ವಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನದಲ್ಲಿ ಕುಳಿತು ಫಿರಿಷ್ತಾ ಎಂಬ ಪಂಡಿತ ಪಾರ್ಸಿಯಲ್ಲಿ ದೊಡ್ಡ ಇತಿಹಾಸ ಗ್ರಂಥ ಬರೆದ. ದಿಲ್ಲಿಯ ಮೇಲಿನ ಮಂಗೋಲರ ದಾಳಿಗಳ ಸುದ್ದಿ ಅದರಲ್ಲಿಯೂ ಇದೆ. ಅಂದರೆ ನಾಲ್ಕು ನೂರು ವರ್ಷದ ಹಿಂದೆಯೇ ನಮ್ಮ ಗೋಳಗುಮ್ಮಟದ ಊರಲ್ಲಿ ಮಂಗೋಲರ ಪಾಠ ನಡೆದಿತ್ತು!

ಇನ್ನೊಂದು ಗೊಂದಲ. ಮಂಗೋಲರು ಬೇರೆ, ಮೊಗಲರು ಬೇರೆಯೋ, ಇಬ್ಬರೂ ಒಂದೆಯೋ? 'ಮೊಗಲ' ಎಂಬುದು 'ಮಂಗೋಲ' ಎಂಬುದರ ಪಾರ್ಸಿ ರೂಪ. ಬಾಬರ ತಂದೆಯ ಕಡೆಯಿಂದ ತೈಮೂರನ ವಂಶದವ, ತಾಯಿಯ ಕಡೆಯಿಂದ ಚೆಂಗೀಸ್ ಖಾನನ ವಂಶದವ. ಆದರೆ ಬಾಬರನಿಗೆ ತೈಮೂರನ ಮನೆತನದ ಅಭಿಮಾನವೇ ಹೆಚ್ಚು. ಈ ಎರಡು ಮಾತು ಹೇಳಿದ್ದರೆ ನಮ್ಮ ವರ್ಗದಲ್ಲಿ ಅರ್ಧ ಜನರ ಗೊಂದಲ ಅವತ್ತೇ ತೀರುತ್ತಿತ್ತು.

ಎರಡೂ ಕಡೆಯ ಮಾತು ಕೇಳಬೇಕು

ಮುಧೋಳ ತಾಲೂಕಿನ ಹಲಗಲಿ ನಮಗೆಲ್ಲ ಗೊತ್ತು. 1857ರಲ್ಲಿ ಇಂಗ್ಲಿಷರು ಆಯುಧ ಒಪ್ಪಿಸಿರಿ ಎಂದು ಕಾಯ್ದೆ ಮಾಡಿದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಇಂಗ್ಲಿಷರು ಊರಿಗೆ ಬೆಂಕಿ ಹಚ್ಚಿದರು, ಸಿಕ್ಕವರನ್ನು ಗಲ್ಲಿಗೇರಿಸಿದರು. ಸರಕಾರಿ ಕಾಗದ ಒಂದನ್ನೇ ಓದಿದರೆ ಹಲಗಲಿಯವರು ದಂಗೆಕೋರರು. ಲಾವಣಿ ಕೇಳಿದರೆ ಅವರು ಮಾನಕ್ಕಾಗಿ ಪ್ರಾಣ ಕೊಟ್ಟವರು. ಆ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ ಎಂಬುದು ಆಶ್ಚರ್ಯ. ಮುಂದೆ ಅದು ಹತ್ತನೆಯ ಇಯತ್ತೆಯ ಕನ್ನಡ ಪುಸ್ತಕದಲ್ಲಿಯೂ ಬಂತು.

ಮಂಗೋಲರ ಕಥೆಯೂ ಹೀಗೇ ಎರಡು ಕಡೆಯಿಂದ ಸಿಗುತ್ತದೆ. ಸೋತ ದೇಶಗಳ ಪಂಡಿತರು ಬರೆದದ್ದು ಒಂದು. ಮಂಗೋಲರು ತಮ್ಮದೇ ಭಾಷೆಯಲ್ಲಿ 13ನೆಯ ಶತಮಾನದಲ್ಲಿ ಬರೆಸಿದ 'ಮಂಗೋಲರ ಗುಪ್ತ ಇತಿಹಾಸ' ಇನ್ನೊಂದು. ತೆಮುಜಿನನ ಬಾಲ್ಯದ ಕಷ್ಟ ನಮಗೆ ತಿಳಿದದ್ದು ಈ ಗ್ರಂಥದಿಂದಲೇ. ಇದರ ಮೂಲ ಪ್ರತಿ ಕಳೆದುಹೋಯಿತು. ಚೀನಿಯರು ಮಂಗೋಲ ಭಾಷೆ ಕಲಿಯಲಿಕ್ಕೆ ಎಂದು ಚೀನೀ ಅಕ್ಷರದಲ್ಲಿ ಮಂಗೋಲ ಉಚ್ಚಾರ ಬರೆದಿಟ್ಟುಕೊಂಡಿದ್ದರಿಂದ ಅದು ಉಳಿಯಿತು. ನಮ್ಮ ಲಾವಣಿ ಉಳಿದ ರೀತಿಗೂ ಅದಕ್ಕೂ ಎಷ್ಟು ಹೋಲಿಕೆ ನೋಡಿರಿ! ಆ ಗ್ರಂಥದಲ್ಲಿ ಒಬ್ಬ ತಾಯಿ ಐದು ಮಕ್ಕಳಿಗೆ ಒಂದೊಂದೇ ಬಾಣ ಕೊಟ್ಟು ಮುರಿಯಿರಿ ಅನ್ನುತ್ತಾಳೆ, ಮುರಿಯುತ್ತಾರೆ. ಐದೂ ಕೂಡಿಸಿ ಕಟ್ಟಿ ಕೊಡುತ್ತಾಳೆ, ಮುರಿಯಲು ಆಗುವುದಿಲ್ಲ. ನಾವು ಸಣ್ಣವರಿದ್ದಾಗ ಕೇಳಿದ ಕಟ್ಟಿಗೆ ಹೊರೆಯ ಕಥೆ ಇದೇ ಅಲ್ಲವೇ?

ವ್ಯತ್ಯಾಸವನ್ನೂ ಮರೆಯಬಾರದು. ಹಲಗಲಿಯವರು ದೊಡ್ಡ ಸರಕಾರದ ಕೈಯಲ್ಲಿ ಸೋತವರು. ಮಂಗೋಲರು ದೊಡ್ಡ ಸರಕಾರಗಳನ್ನೇ ಸೋಲಿಸಿದವರು. ಆದರೂ ಒಬ್ಬರ ಮಾತು ಕೇಳಿ ಇನ್ನೊಬ್ಬರಿಗೆ ಹೆಸರಿಡಬಾರದು ಎಂಬ ನ್ಯಾಯ ಇಬ್ಬರಿಗೂ ಒಂದೇ.

ಹೆಸರಿಡುವ ಚಟ

1866ರಲ್ಲಿ ಡೌನ್ ಎಂಬ ಇಂಗ್ಲಿಷ್ ವೈದ್ಯ, ಹುಟ್ಟಿನಿಂದ ಬುದ್ಧಿ ಬೆಳವಣಿಗೆ ನಿಧಾನ ಇರುವ ಕೆಲವು ಮಕ್ಕಳ ಮುಖ ಮಂಗೋಲರ ಮುಖದಂತೆ ಕಾಣುತ್ತದೆ ಎಂದು ಆ ಸ್ಥಿತಿಗೆ ಮಂಗೋಲರ ಹೆಸರಿಟ್ಟ. ನೂರು ವರ್ಷ ಆ ಹೆಸರು ಡಾಕ್ಟರರ ಪುಸ್ತಕದಲ್ಲಿ ನಡೆಯಿತು. 1965ರಲ್ಲಿ ಮಂಗೋಲಿಯಾದವರು ವಿಶ್ವ ಆರೋಗ್ಯ ಸಂಸ್ಥೆಗೆ, ನಮ್ಮ ಜನಾಂಗದ ಹೆಸರನ್ನು ಹೀಗೆ ಬಳಸಬೇಡಿರಿ ಎಂದು ಕೇಳಿಕೊಂಡ ಮೇಲೆ ಅದನ್ನು ಬಿಟ್ಟರು. ಈಗ 'ಡೌನ್ ಸಿಂಡ್ರೋಮ್' ಎನ್ನುತ್ತಾರೆ. ಒಂದು ಹೆಸರು ಎರಡು ಕಡೆ ನೋವು ಮಾಡಿತ್ತು: ಆ ಮಕ್ಕಳಿಗೂ, ಆ ದೇಶದವರಿಗೂ.

ನಮ್ಮಲ್ಲಿಯೂ ಈ ಚಟ ಕಡಿಮೆ ಇಲ್ಲ. ಜಮಖಂಡಿ ಪೇಟೆಯಲ್ಲಿ ನೇಪಾಳದವರನ್ನೋ ಈಶಾನ್ಯ ಭಾರತದವರನ್ನೋ ಕಂಡರೆ "ಏ ಚೀನೀ" ಎಂದು ಕೂಗುವವರನ್ನು ನೀವೂ ನೋಡಿದ್ದೀರಿ. ಮಣಿಪುರ, ನಾಗಾಲ್ಯಾಂಡ್, ಅರುಣಾಚಲದವರು ನಮ್ಮದೇ ದೇಶದವರು. ಕಣ್ಣು ಸಣ್ಣ ಇದ್ದ ಮಾತ್ರಕ್ಕೆ ಪರದೇಶಿ ಆಗುತ್ತಾರೇನು? ಗಡಿಯ ಚಳಿಯಲ್ಲಿ ನಿಂತು ಕಾಯುವ ಎಷ್ಟೋ ಸೈನಿಕರ ಮುಖ ಹಾಗೆಯೇ ಇದೆ. ಮಂಗೋಲರ ಪಾಠ ಸರಿಯಾಗಿ ಆದರೆ ಈ ಕೂಗು ಸ್ವಲ್ಪವಾದರೂ ಕಡಿಮೆ ಆದೀತು ಎಂದು ನನ್ನ ನಂಬಿಕೆ.

ಇವತ್ತಿನ ಮಂಗೋಲಿಯಾ

ಬಹಳ ಜನ ಮಂಗೋಲರು ಮುಗಿದು ಹೋದರು ಎಂದು ತಿಳಿದಿದ್ದಾರೆ. ಇಲ್ಲ, ಇದ್ದಾರೆ. ನಮ್ಮ ಕರ್ನಾಟಕದ ಎಂಟು ಪಟ್ಟು ದೊಡ್ಡ ದೇಶ ಅದು. ಜನ ಮಾತ್ರ ಸುಮಾರು 35 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಬಾಗಲಕೋಟ ಜಿಲ್ಲೆ ಒಂದರಲ್ಲೇ ಸುಮಾರು 19 ಲಕ್ಷ ಜನ ಇದ್ದರು. ಅಂದರೆ ನಮ್ಮ ಜಿಲ್ಲೆಯ ಎರಡರಷ್ಟೂ ಇಲ್ಲ! ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ರಾಜಧಾನಿ ಉಲಾನ್ ಬಾತರಿನಲ್ಲಿ ಇದ್ದಾರೆ. ಜಾನುವಾರು ಐದು ಕೋಟಿಗೂ ಹೆಚ್ಚು.

ಅವರ ಹತ್ತಿರದ ಇತಿಹಾಸ ಸುಖದ್ದಲ್ಲ. ಬಹಳ ಕಾಲ ಚೀನಾದ ಮಂಚು ಅರಸರ ಕೈಕೆಳಗೆ ಇದ್ದರು. 1911ರಲ್ಲಿ ಸ್ವತಂತ್ರ ಎಂದು ಸಾರಿದರು. 1921ರ ಕ್ರಾಂತಿಯ ನಂತರ ಸೋವಿಯತ್ ರಷ್ಯಾದ ನೆರಳಿಗೆ ಬಂದರು. 1937ರಿಂದ 1939ರ ವರೆಗೆ ಸಾವಿರಾರು ಲಾಮಾಗಳನ್ನು ಕೊಂದರು, ನೂರಾರು ಮಠ ಕೆಡವಿದರು. ಲಿಪಿಯನ್ನು ಬದಲಿಸಿ ರಷ್ಯನ್ ಅಕ್ಷರ ತಂದರು. ಚೆಂಗೀಸ್ ಖಾನನ ಹೆಸರನ್ನು ಅವನ ದೇಶದಲ್ಲಿಯೇ ಮೆಲ್ಲಗೆ ಹೇಳಬೇಕಾಯಿತು. 1990ರಲ್ಲಿ ರಕ್ತ ಹರಿಯದೆ ಪ್ರಜಾಪ್ರಭುತ್ವ ಬಂತು, 1992ರಲ್ಲಿ ಹೊಸ ಸಂವಿಧಾನ ಬಂತು. ಈಗ ಹಳೆಯ ಲಿಪಿಯನ್ನು ತಿರುಗಿ ತರುತ್ತಿದ್ದಾರೆ. 2025ರಿಂದ ಸರಕಾರಿ ಕಾಗದಗಳಲ್ಲಿ ಎರಡೂ ಲಿಪಿ ಇರಬೇಕೆಂದು ಕಾಯ್ದೆ ಆಗಿದೆ. ಗಡಿಯ ಆಚೆ, ಚೀನಾದ ಒಳಮಂಗೋಲಿಯಾದಲ್ಲಿ ಇದಕ್ಕಿಂತ ಹೆಚ್ಚು ಮಂಗೋಲರು ಇದ್ದಾರೆ. ಅಲ್ಲಿ 2020ರಲ್ಲಿ ಶಾಲೆಯ ಕೆಲವು ವಿಷಯಗಳನ್ನು ಮಂಗೋಲ ಭಾಷೆ ಬಿಟ್ಟು ಚೀನೀ ಭಾಷೆಯಲ್ಲಿ ಕಲಿಸಲು ಹೊರಟಾಗ ತಂದೆತಾಯಿಗಳು ಮಕ್ಕಳನ್ನು ಶಾಲೆಗೆ ಕಳಿಸದೆ ವಿರೋಧ ಮಾಡಿದರು. ಕನ್ನಡ ಶಾಲೆಯ ಗೋಡೆಗೆ ಕನ್ನಡದಲ್ಲಿ ಬರೆದ ಹಾಳೆ ಅಂಟಿಸುವ ನಮಗೆ ಅವರ ಸಂಕಟ ಅರ್ಥ ಆಗಬೇಕು.

ಇನ್ನೊಂದು ಸಂಕಟ ಇದೆ. ಬೇಸಿಗೆಯಲ್ಲಿ ಬರ ಬಿದ್ದು, ಬೆನ್ನಿಗೇ ಕಡು ಚಳಿಗಾಲ ಬಂದು, ಹುಲ್ಲಿನ ಮೇಲೆ ಮಂಜುಗಡ್ಡೆ ಕಟ್ಟಿದರೆ ದನ ಕುರಿ ಮೇಯಲಾಗದೆ ಸಾಯುತ್ತವೆ. ಇದಕ್ಕೆ ಅವರು 'ಝುಡ್' ಎನ್ನುತ್ತಾರೆ. 2023-24ರ ಚಳಿಗಾಲದಲ್ಲಿ 70 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಹಿಂಡು ಕಳಕೊಂಡವರು ರಾಜಧಾನಿಯ ಅಂಚಿಗೆ ಹೋಗಿ ಗೆರ್ ಹಾಕಿಕೊಂಡು ಕೂಲಿ ಹುಡುಕುತ್ತಾರೆ. ನಮ್ಮ ಕಡೆ ಮಂಜು ಬೀಳುವುದಿಲ್ಲ, ಖರೆ. ಆದರೆ ಬೀಳಗಿ ಕಡೆ ಎಷ್ಟೋ ಊರು, ಹೊಲ, ಹುಲ್ಲುಗಾವಲು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದವು. ಮುಧೋಳ, ಜಮಖಂಡಿ ಕಡೆ ನೀರು ಬಂದಲ್ಲೆಲ್ಲ ಕಬ್ಬು ಬಂತು. ರೈತರಿಗೆ ಒಳ್ಳೆಯದಾಯಿತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಬ್ಬಿನ ಹೊಲದಾಗ ಕುರಿ ಎಲ್ಲಿ ಮೇಯಬೇಕು? "ಬೀಳು ಭೂಮಿ ಇಲ್ಲಂದ್ರ ಕುರುಬ ಇಲ್ಲೋ ತಮ್ಮಾ" ಎಂದು ಕಾಕಾ ಅನ್ನುತ್ತಾರೆ. ಅಲ್ಲಿಯವರದೂ ಇಲ್ಲಿಯವರದೂ ದುಃಖ ಒಂದೇ ಜಾತಿಯದು.

ಕಲಿಯಬೇಕಾದದ್ದೂ ಇದೆ. ತಿರುಗಾಡುವ ಕುಟುಂಬದ ಮಕ್ಕಳಿಗಾಗಿ ಅಲ್ಲಿ ಶಾಲೆಯ ಜೊತೆಗೇ ವಸತಿಗೃಹ ಇಟ್ಟಿದ್ದಾರೆ. ಅದರಿಂದ ಅಷ್ಟು ಚದುರಿದ ದೇಶದಲ್ಲಿ ಓದು ಬರಹ ಬಾರದವರು ತೀರ ಕಡಿಮೆ. ನಮ್ಮಲ್ಲಿ ಕುರಿ ಹಿಂದೆ ಹೋದ ಹುಡುಗ ತಿರುಗಿ ಬಂದಾಗ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇರುತ್ತದೋ ಇಲ್ಲವೋ ಎಂಬ ಅಂಜಿಕೆ. ಇದನ್ನು ಗುರುಹಿರಿಯರು ವಿಚಾರ ಮಾಡಬೇಕು.

ಕುಸ್ತಿ, ನಾಯಿ ಮತ್ತು ಗ್ರಹಗಳು

ಪಾಠ ಅಂದರೆ ಬರೇ ಯುದ್ಧ, ಬರೇ ದುಃಖ ಬೇಡ. ಗರಡಿಮನೆಗೆ ಹೋಗುವ ಗೆಳೆಯರು ಕೇಳಿರಿ. ಪ್ರತಿ ವರ್ಷ ಜುಲೈ 11ರಿಂದ ಅಲ್ಲಿ 'ನಾದಮ್' ಹಬ್ಬ. ಕುಸ್ತಿ, ಕುದುರೆ ಓಟ, ಬಿಲ್ಲುಗಾರಿಕೆ ಮೂರು ಆಟ. ಕುಸ್ತಿಯಲ್ಲಿ ತೂಕದ ವರ್ಗ ಇಲ್ಲ. ದಪ್ಪ ಪೈಲವಾನ, ಸಣ್ಣ ಪೈಲವಾನ ಎಲ್ಲ ಒಂದೇ ಕಣದಲ್ಲಿ. ಗೆದ್ದವ ಹದ್ದಿನ ಹಾಗೆ ಕೈ ಬಿಚ್ಚಿ ಕುಣಿಯುತ್ತಾನೆ. 1968ರ ಮೆಕ್ಸಿಕೊ ಒಲಿಂಪಿಕ್ಸಿನ ಕುಸ್ತಿಯಲ್ಲಿ ಮೋಂಖ್‌ಬಾತ್ ಎಂಬ ಪೈಲವಾನ ಬೆಳ್ಳಿ ಪದಕ ಗೆದ್ದ. ಅವನ ಮಗ ಹಕುಹೊ ಜಪಾನಿಗೆ ಹೋಗಿ ಸುಮೊ ಕುಸ್ತಿಯಲ್ಲಿ 45 ಸಲ ಪ್ರಶಸ್ತಿ ಗೆದ್ದು 2021ರಲ್ಲಿ ನಿವೃತ್ತನಾದ. ಕುದುರೆ ಓಟದಲ್ಲಿ ಸಣ್ಣ ಮಕ್ಕಳೇ ಸವಾರರು. ಬಿದ್ದು ಗಾಯ ಆಗುವುದರಿಂದ ಇದು ಸರಿಯೇ ಎಂದು ಅಲ್ಲಿಯೂ ವಾದ ನಡೆದಿದೆ. ಅವರ ಹಿಂಡು ಕಾಯುವ ದಪ್ಪ ಕೂದಲಿನ ನಾಯಿಗೆ 'ಬಂಖಾರ್' ಎನ್ನುತ್ತಾರೆ. ನಮ್ಮ ಮುಧೋಳ ನಾಯಿ ಅದರಂತಲ್ಲ. ತೆಳ್ಳಗೆ, ಓಡುವುದರಲ್ಲಿ ಗಟ್ಟಿ. 2005ರಲ್ಲಿ ಅದರ ಅಂಚೆ ಚೀಟಿ ಬಂತು. ಚಳಿಯ ದೇಶದ ನಾಯಿ ಹೇಗಿರಬೇಕು, ಬಿಸಿಲ ನಾಡಿನ ನಾಯಿ ಹೇಗಿರಬೇಕು ಎಂದು ಇವೆರಡನ್ನೂ ಪಕ್ಕದಲ್ಲಿ ಇಟ್ಟರೆ ವಿಜ್ಞಾನದ ಪಾಠವೂ ಆಯಿತು.

ಮತ್ತೊಂದು ಮಜಾ ಇದೆ. ಮಂಗೋಲ ಭಾಷೆಯಲ್ಲಿ ಗ್ರಹಗಳ ಹೆಸರು ಕೇಳಿರಿ: ಬುಧನಿಗೆ ಬುದ್, ಶುಕ್ರನಿಗೆ ಸುಗರ್, ಮಂಗಳನಿಗೆ ಅಂಗಾರಗ್, ಗುರುವಿಗೆ ಬರ್ಹಸ್ಬದ್, ಶನಿಗೆ ಸಾಂಚಿರ್. ಅಂಗಾರಕ, ಬೃಹಸ್ಪತಿ, ಶನೈಶ್ಚರ ಅಂತ ನಮ್ಮ ಪಂಚಾಂಗದಲ್ಲಿ ಇರುವ ಹೆಸರುಗಳೇ! ಅವರ ಬಾವುಟದ ಮೇಲಿನ ಗುರುತಿಗೆ 'ಸೊಯೊಂಬೊ' ಎನ್ನುತ್ತಾರೆ. ಅದು 'ಸ್ವಯಂಭು' ಎಂಬ ಶಬ್ದ. ಬೌದ್ಧ ಧರ್ಮದ ಜೊತೆ ಈ ಶಬ್ದಗಳು ಇಲ್ಲಿಂದ ಅಲ್ಲಿಯ ತನಕ ನಡೆದುಕೊಂಡು ಹೋದವು. ಅಲ್ಲಿಂದಲೂ ಶಬ್ದ ಬಂದಿದೆ. ದಲಾಯಿ ಲಾಮಾ ಎನ್ನುವಾಗಿನ 'ದಲಾಯಿ' ಮಂಗೋಲ ಶಬ್ದ, ಸಮುದ್ರ ಎಂದು ಅರ್ಥ. 1578ರಲ್ಲಿ ಅಲ್ತಾನ್ ಖಾನ್ ಎಂಬ ಮಂಗೋಲ ಅರಸ ಕೊಟ್ಟ ಬಿರುದು ಅದು.

ದೂರ ಯಾಕೆ, ನಮ್ಮ ರಾಜ್ಯದಲ್ಲಿಯೇ ಇದ್ದಾರೆ. ಉತ್ತರ ಕನ್ನಡದ ಮುಂಡಗೋಡದಲ್ಲಿ 1966ರಲ್ಲಿ ಟಿಬೆಟಿಯನ್ನರ ವಸಾಹತು ಆಯಿತು. ಅಲ್ಲಿ ದ್ರೆಪುಂಗ್ ಮಠದ ಗೋಮಾಂಗ್ ಎಂಬ ವಿದ್ಯಾಲಯ ಇದೆ. ಹಿಂದೆ ಟಿಬೆಟಿನಲ್ಲಿದ್ದಾಗ ಮಂಗೋಲ ಭಿಕ್ಷುಗಳು ಓದಲು ಹೋಗುತ್ತಿದ್ದದ್ದು ಅದಕ್ಕೇ. 1990ರ ನಂತರ ಮಂಗೋಲಿಯಾದ ಹುಡುಗರು ತಿರುಗಿ ಅಲ್ಲಿಗೆ, ಅಂದರೆ ನಮ್ಮ ಮುಂಡಗೋಡಕ್ಕೆ, ಬಂದು ಓದುತ್ತಿದ್ದಾರೆ. ನಮ್ಮ ವಯಸ್ಸಿನವರೂ ಇರುತ್ತಾರೆ. ಹುಬ್ಬಳ್ಳಿ ದಾಟಿದರೆ ಬಂತು ಮುಂಡಗೋಡ. ಒಂದು ಹಗಲಿನ ದಾರಿಯಲ್ಲಿ ಮಂಗೋಲರು ಇದ್ದರೂ ನಮಗೆ ಅವರು 'ದಾಳಿ' ಅಷ್ಟೇ!

ತಕರಾರುಗಳಿಗೆ ಉತ್ತರ

ಒಂದು: "ಪರೀಕ್ಷೆಗೆ ಬರಂಗಿಲ್ಲ, ಯಾಕ ಓದಬೇಕು?" ಹಾಗಾದರೆ ಪರೀಕ್ಷೆಗೆ ಬರುವುದನ್ನು ಅರ್ಥ ಮಾಡಿಕೊಳ್ಳುವ ಸಲುವಾಗಿ ಓದಿರಿ. ಅಲ್ಲಾಉದ್ದೀನನ ಉತ್ತರ ಇದರಿಂದ ಗಟ್ಟಿ ಆಗುತ್ತದೆ ಎಂದು ಮೇಲೆ ತೋರಿಸಿದ್ದೇನೆ.

ಎರಡು: "ಮೊದಲ ನಮ್ಮ ಇತಿಹಾಸ ಕಲೀರಿ." ಹೌದು, ಕಲಿಯೋಣ. ಆದರೆ ಬೇರೆಯವರ ಮುಖ ನೋಡದೆ ನಮ್ಮ ಮುಖ ಹೇಗಿದೆ ಎಂದು ತಿಳಿಯುವುದಿಲ್ಲ. ಮಂಗೋಲರ ಗ್ರಂಥದ ಮಾತು ಬಂದದ್ದಕ್ಕೇ ಹಲಗಲಿಯ ಲಾವಣಿಯ ಬೆಲೆ ಇನ್ನಷ್ಟು ತಿಳಿಯಿತು. ಕೋಶ ಓದು, ದೇಶ ಸುತ್ತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮೂರು: "ದೊಡ್ಡವರಾದ ಮ್ಯಾಲ ಕಲತರಾತು." ಎನ್.ಸಿ.ಇ.ಆರ್.ಟಿ.ಯ ಹನ್ನೊಂದನೆಯ ಇಯತ್ತೆಯ ಪುಸ್ತಕದಲ್ಲಿ ಅಲೆಮಾರಿ ಸಾಮ್ರಾಜ್ಯಗಳ ಮೇಲೆ ಒಂದು ಇಡೀ ಪಾಠ ಇದೆ. ಬಹಳ ಸಂತೋಷ. ಆದರೆ ಹತ್ತನೆಯದು ಮುಗಿದ ಮೇಲೆ ನಮ್ಮಲ್ಲಿ ಎಷ್ಟು ಜನ ಇತಿಹಾಸ ತೆಗೆದುಕೊಳ್ಳುತ್ತಾರೆ? ಕೆಲವರು ವಿಜ್ಞಾನಕ್ಕೆ, ಕೆಲವರು ವಾಣಿಜ್ಯಕ್ಕೆ, ಕೆಲವರು ಐ.ಟಿ.ಐ.ಗೆ, ಕೆಲವರು ಮಗ್ಗಕ್ಕೆ, ಕೆಲವರು ಕಬ್ಬಿನ ಗ್ಯಾಂಗಿಗೆ, ನನ್ನಂಥ ಮನೆತನದ ಕೆಲವರು ಕುರಿ ಹಿಂದೆ. ಇತಿಹಾಸ ಓದುವ ಅವಕಾಶ ನಮಗೆ ಇದೇ ಎರಡು ಮೂರು ವರ್ಷ. ಜಗಳಕ್ಕೆ ಹೆಸರಿಡುವುದನ್ನು ನಾವು ಕಲಿಯುವುದೂ ಇದೇ ವಯಸ್ಸಿನಲ್ಲಿ. ಮದ್ದು ಕೊಡುವುದಾದರೆ ಈಗಲೇ ಕೊಡಬೇಕು.

ನನ್ನ ವಿನಂತಿ

ಗುರುಗಳು ಬಹಳ ಹೊತ್ತು ಕೊಡುವುದು ಬೇಡ, ಪಠ್ಯ ಮುಗಿಸುವ ಅವಸರ ನಮಗೂ ಗೊತ್ತು. ನಾಲ್ಕು ತಾಸು ಸಾಕು. ಮೊದಲನೆಯ ತಾಸು ನಕಾಶೆ: ಮಂಗೋಲಿಯಾದಿಂದ ದಿಲ್ಲಿಗೆ, ದಿಲ್ಲಿಯಿಂದ ದೇವಗಿರಿಗೆ, ದ್ವಾರಸಮುದ್ರಕ್ಕೆ ಗೆರೆ ಎಳೆಯುವುದು. ಎರಡನೆಯ ತಾಸು ವಾದ: ಅರ್ಧ ವರ್ಗ ಮಂಗೋಲರ ಪರ, ಅರ್ಧ ವರ್ಗ ಬಾಗ್ದಾದಿನವರ ಪರ. ಮೂರನೆಯ ತಾಸು ನಮ್ಮೂರಿನ ಕುರಿ ಕಾಯುವ ಒಬ್ಬ ಹಿರಿಯರನ್ನು ವರ್ಗಕ್ಕೆ ಕರೆದು, ದಾರಿ, ಮೇವು, ರೋಗ, ಕಂಬಳಿ ಬಗ್ಗೆ ಮಾತಾಡಿಸುವುದು, ನಾವು ಬರೆದುಕೊಳ್ಳುವುದು. ನಾಲ್ಕನೆಯ ತಾಸು ಇವತ್ತಿನ ಮಂಗೋಲಿಯಾ. ಪ್ರತಿ ವರ್ಷ ಶೈಕ್ಷಣಿಕ ಪ್ರವಾಸ ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಂದು ಆಗುತ್ತದೆ. ಒಂದು ವರ್ಷ ಮುಂಡಗೋಡಕ್ಕೂ ಕರೆದುಕೊಂಡು ಹೋದರೆ ನಮ್ಮ ಉಪಕಾರ ಆಗುತ್ತದೆ.

ಮುಖ್ಯವಾದ ವಿನಂತಿ ಗೆಳೆಯರಿಗೆ. ಊರು ಬಿಟ್ಟು ಊರಿಗೆ ಹೋಗಿ ಬದುಕುವವರು ಜಗತ್ತಿನ ತುಂಬ ಇದ್ದಾರೆ: ಕುರಿಯವರು, ಕಬ್ಬು ಕಡಿಯುವವರು, ಗೋವಾಕ್ಕೆ ದುಡಿಯಲು ಹೋದವರು. ಅವರ ಮಕ್ಕಳು ನಿಮ್ಮ ಪಕ್ಕದ ಬೆಂಚಿನಲ್ಲಿಯೇ ಕೂತಿರುತ್ತಾರೆ. ಅವರು ಎರಡು ತಿಂಗಳು ಬಿಟ್ಟು ಬಂದಾಗ "ಎಲ್ಲಿ ಹಾಳಾಗಿ ಹೋಗಿದ್ದಿ?" ಎಂದು ಕೇಳಬೇಡಿರಿ, "ಎಲ್ಲೆಲ್ಲಿ ತಿರುಗಿ ಏನೇನು ನೋಡಿ ಬಂದಿ?" ಎಂದು ಕೇಳಿರಿ. ಅವರ ಹತ್ತಿರ ಪುಸ್ತಕದಲ್ಲಿ ಇಲ್ಲದ ಎಷ್ಟೋ ಪಾಠ ಇರುತ್ತದೆ. ನಿಮ್ಮ ವಹಿ ಕೊಟ್ಟು ತಪ್ಪಿದ ಪಾಠ ಬರೆದುಕೊಳ್ಳಲು ಬಿಡಿರಿ.

ನನ್ನ ಮಾತು ಒಪ್ಪದಿದ್ದವರು ಕೆಳಗೆ ಖಾಲಿ ಹಾಳೆ ಅಂಟಿಸಿದ್ದೇನೆ, ಅದರಲ್ಲಿ ಬರೆಯಬಹುದು. ಒಪ್ಪಿದವರೂ ಬರೆಯಿರಿ. ಮಸಿ ಪೆನ್ನಿನಿಂದ ದಪ್ಪ ಅಕ್ಷರದಲ್ಲಿ ಬರೆಯಿರಿ, ಹಿಂದೆ ನಿಂತವರಿಗೂ ಕಾಣಬೇಕು.

– ಒಂಬತ್ತನೆಯ ವರ್ಗದ ವಿದ್ಯಾರ್ಥಿ